ಇಂಗ್ಲೆಂಡಿನ ಕಂಟ್ರಿ ಹೌಸ್: ಮುಚ್ಚಿದ ಕಿಟಕಿ, ಸುರಂಗ, ಅಡಗುಗೂಡು, ಈ ಕತೆಗಳಲ್ಲಿ ಖರೆ ಎಷ್ಟು?

ಗುಡ್ಡದ_ನೆರಳು, ಬಳ್ಳಾರಿ

ಇಂಗ್ಲೆಂಡಿನ ಹಳೇ ಕಂಟ್ರಿ ಹೌಸ್‌ಗಳ ಬಗ್ಗೆ ಬಲ್ಲವರು ಹೇಳ್ರಿ. ಹಳ್ಳಿ ಸೀಮೆಯಲ್ಲಿ ನೂರಾರು, ಸಾವಿರಾರು ಎಕರೆ ನಡುವೆ ಅಲ್ಲಿನ ಜಮೀನ್ದಾರರು ಕಟ್ಟಿಸಿದ ಮನೆಗಳು, ನಮ್ಮ ದೇಸಾಯರ ವಾಡೆಗಳ ಥರ. ಯಾವ ವಿಡಿಯೊ ನೋಡಿದರೂ ಅದೇ ಮಾತು. ಇಟ್ಟಿಗೆ ತುಂಬಿದ ಕಿಟಕಿ ಕಂಡರೆ "ತೆರಿಗೆ ಉಳಿಸೋಕೆ ಮುಚ್ಚಿದ್ದು". ನೆಲದಡಿ ಒಂದು ಬಾಯಿ ಕಂಡರೆ "ಚರ್ಚ್‌ವರೆಗೆ ಸುರಂಗ". ಗೋಡೆಯಲ್ಲಿ ಗೂಡು ಕಂಡರೆ "ಪಾದ್ರಿ ಅಡಗಿದ್ದ ಜಾಗ". ನಮ್ಮ ಕೋಟೆಗೂ ಇಂಥದ್ದೊಂದು ಇದ್ದೇ ಇದೆಯಲ್ಲ: ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅನ್ನೋದು ಲಕ್ಷ್ಯಕ್ಕೆ ಬರಲಿಲ್ಲ ಅಂತ ಹೈದರಾಲಿ ಫ್ರೆಂಚ್ ಎಂಜಿನಿಯರನ್ನ ಗಲ್ಲಿಗೆ ಹಾಕಿಸಿದ ಕತೆ. ಹೇಳಿದವರ ಮಾತು ಬಿಟ್ಟು, ಕಟ್ಟಡವನ್ನೇ ನೋಡಿ ಹಿಡಿಯೋದು ಹೇಗೆ? ಮತ್ತೆ, ಇಷ್ಟು ಗಟ್ಟಿ ಮನೆಗಳನ್ನ ಅವರೇ ಯಾಕೆ ಕೆಡವಿದರು?

ಗಚ್ಚು_ಗಾರೆ, ರಾಯಚೂರು

ಕಿಟಕಿದು ನಾನು ಹೇಳ್ತೀನಿ. ತೆರಿಗೆ ಇದ್ದದ್ದು ಖರೆ. 1696ರಲ್ಲಿ ಬಂತು, 1851ರಲ್ಲಿ ಹೋಯಿತು. ಮೊದಲಿಗೆ ಹತ್ತು ಕಿಟಕಿವರೆಗೆ ಮನೆಗೆ 2 ಶಿಲ್ಲಿಂಗ್, ಇಪ್ಪತ್ತರವರೆಗೆ ಅದರ ಮೇಲೆ ಇನ್ನು 4, ಇಪ್ಪತ್ತು ದಾಟಿದರೆ 8. 1766ರಲ್ಲಿ ಏಳು ಕಿಟಕಿಯ ಮನೆಯೂ ಲೆಕ್ಕಕ್ಕೆ ಬಂತು. ಆದರೆ ಮುಚ್ಚಿದ ಕಿಟಕಿ ಎಲ್ಲಾ ತೆರಿಗೆಯದ್ದಲ್ಲ. ಮುಂಗೋಡೆಯಲ್ಲಿ ಎಡಕ್ಕೆ ಐದು ಇದ್ದರೆ ಬಲಕ್ಕೂ ಐದು ಬೇಕು ಅನ್ನೋದು ಆ ಕಾಲದ ಹಟ. ಒಳಗೆ ಆ ಜಾಗಕ್ಕೆ ಹೊಗೆಕೊಳವೆಯೋ ಅಡ್ಡಗೋಡೆಯೋ ಬಂದಿದ್ದರೆ ಕಟ್ಟುವಾಗಲೇ ಕುರುಡು ಕಿಟಕಿ ಬಿಡುತ್ತಿದ್ದರು.

ಗುರುತು ಹಿಡಿಯೋದು ಹೀಗೆ. ಕಿಟಕಿಯ ಎರಡೂ ಬದಿಯ ಸಂದು ನೋಡ್ರಿ. ತುಂಬಿದ ಇಟ್ಟಿಗೆ ಒಂದು ವರಸೆ ಬಿಟ್ಟು ಒಂದು ವರಸೆ ಅಕ್ಕಪಕ್ಕದ ಗೋಡೆಯೊಳಗೆ ಹಲ್ಲು ಕಚ್ಚಿದ್ದರೆ ಅದು ಮೊದಲಿನಿಂದಲೂ ಕುರುಡು. ಕಿಟಕಿಯ ತಳದಿಂದ ಕಮಾನಿನವರೆಗೆ ನೆಟ್ಟಗೆ ಗೆರೆ ಎಳೆದಂಗೆ ಸಂದು ಇದ್ದರೆ ಆಮೇಲೆ ತುಂಬಿದ್ದು. ಆಮೇಲೆ ಸಂದಿನೊಳಗಿನ ಗಾರೆ. ಮೆತ್ತಗಿನ ಬಿಳಿ ಸುಣ್ಣವಾದರೆ ಹಳೇದಿರಬಹುದು. ಬೂದು ಬಣ್ಣದ, ಉಗುರಿಗೆ ಸಿಗದ ಗಟ್ಟಿ ಗಾರೆಯಾದರೆ ಪೋರ್ಟ್‌ಲ್ಯಾಂಡ್ ಸಿಮೆಂಟು. ಅದರ ಪೇಟೆಂಟೇ 1824ರದ್ದು, ಹಾಗಾಗಿ ಆ ಕಿಟಕಿಗೆ ತೆರಿಗೆ ಕಾರಣ ಆಗಿರೋದು ಅನುಮಾನ. ಎಡವೋದು ಇಲ್ಲೇ: ಹಳೇ ಸುಣ್ಣದ ಗೋಡೆಗೆ ಮೇಲಿಂದ ಸಿಮೆಂಟಿನ ಸಂದು ತುಂಬಿರುತ್ತಾರೆ. ಮೇಲ್ಮೈ ನೋಡಿ ತೀರ್ಪು ಕೊಡಬೇಡಿ, ಉದುರಿದ ಕಡೆ ಒಂದಿಂಚು ಒಳಗೆ ಏನಿದೆ ನೋಡ್ರಿ.

ಇಟ್ಟಿಗೆಗೂ 1784ರಿಂದ 1850ರವರೆಗೆ ತೆರಿಗೆ ಇತ್ತು. ಸಾವಿರ ಇಟ್ಟಿಗೆಗೆ ಇಷ್ಟು ಅಂತ ವಸೂಲಿ, ಅದಕ್ಕೆ ಭಟ್ಟಿಯವರು ಇಟ್ಟಿಗೆಯನ್ನೇ ದಪ್ಪ ಮಾಡಿದರು. ಸುತ್ತಲಿನ ಗೋಡೆಗಿಂತ ದಪ್ಪ ಇಟ್ಟಿಗೆ ತುಂಬಿದ್ದರೆ ಆ ಕಾಲದ ಕೆಲಸ ಇರಬಹುದು, ಅಷ್ಟೇ.

ಗಾಜೇ ಡೌಲಿನ ಗುರುತಾಗಿತ್ತು ಅನ್ನೋದಕ್ಕೆ ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್ ನೋಡಬೇಕು. 1590ರ ದಶಕದಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಕಟ್ಟಿಸಿದ್ದು, ಅಂದರೆ ತೆರಿಗೆಗೆ ನೂರು ವರ್ಷ ಮೊದಲು. ಹೊರಗೋಡೆ ತುಂಬ ಕಿಟಕಿಯೇ ಇರಲಿ ಅಂತ ಹೊಗೆಕೊಳವೆಗಳನ್ನ ಒಳಗೋಡೆಗಳಿಗೆ ಸರಿಸಿದ್ದಾರೆ. ಕುಂಬಿಯ ಮೇಲೆ ಆಕೆಯ ಹೆಸರಿನ (ಎಲಿಜಬೆತ್ ಶ್ರೂಸ್‌ಬರಿ) ಇಎಸ್ ಅಕ್ಷರಗಳು ಕಲ್ಲಿನಲ್ಲಿ ದೂರದಿಂದಲೇ ಕಾಣುತ್ತವೆ.

ಹಗೇವು, ಕೊಪ್ಪಳ

ಸುರಂಗದ ಕತೆ ನಮ್ಮ ಕಡೆಯೂ ಗೊತ್ತಿದ್ದದ್ದೇ. ವಾಡೆಯ ಪಡಸಾಲೆಯಲ್ಲಿ ಬಾಯಿ ಕಂಡರೆ ಸುರಂಗ ಅಂತಾರೆ, ಇಳಿದು ನೋಡಿದರೆ ಜೋಳ ತುಂಬೋ ಹಗೇವು. ಅಲ್ಲಿ ಹಗೇವಿನ ಬದಲು ಕೊಳಚೆ ನೀರಿನ ಗಟಾರ, ಇಲ್ಲಾ ಮಂಜುಗಡ್ಡೆ ಇಡುವ ನೆಲಮನೆ. ನೆಲಕ್ಕೆ ಒಂದೇ ಕಡೆ ಇಳಿಜಾರಿದೆಯಾ, ಆ ಇಳಿಜಾರು ಹೊಳೆಗೋ ಕಂದಕಕ್ಕೋ ಹೋಗುತ್ತದಾ ನೋಡ್ರಿ. ಹೋದರೆ ಅದು ನೀರಿನ ದಾರಿ, ಮನುಷ್ಯರದ್ದಲ್ಲ.

ಆದರೆ ಒಂದು ಕಡೆ ಗಟಾರವೇ ಕತೆಯನ್ನ ಖರೆ ಮಾಡಿದೆ. ವಾರಿಕ್‌ಶೈರ್‌ನ ಬ್ಯಾಡೆಸ್ಲಿ ಕ್ಲಿಂಟನ್, ಸುತ್ತಲೂ ನೀರಿನ ಕಂದಕ ಇರುವ ಮನೆ. 1585ರ ಕಾಯಿದೆ ಬಂದ ಮೇಲೆ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನಲ್ಲಿ ಸಿಕ್ಕರೆ ರಾಜದ್ರೋಹ. 1591ರ ಅಕ್ಟೋಬರಿನಲ್ಲಿ ಈ ಮನೆಗೆ ಶೋಧದವರು ನುಗ್ಗಿದಾಗ ಪಾದ್ರಿಗಳು ಹಳೇ ಪಾಯಖಾನೆಯ ಗಟಾರಕ್ಕಿಳಿದು, ಕಾಲಡಿ ನೀರಿನಲ್ಲಿ ಸುಮಾರು ನಾಲ್ಕು ತಾಸು ನಿಂತರು. ಸಿಗಲಿಲ್ಲ. ಇಂಥ ಗೂಡು ಕಟ್ಟೋದರಲ್ಲಿ ಎತ್ತಿದ ಕೈ ನಿಕೊಲಸ್ ಓವೆನ್. 1606ರಲ್ಲಿ ಲಂಡನ್ ಟವರಿನಲ್ಲಿ ಚಿತ್ರಹಿಂಸೆಗೆ ಸತ್ತ, ಒಂದು ಗೂಡಿನ ಗುಟ್ಟೂ ಬಿಡಲಿಲ್ಲ. ವೂಸ್ಟರ್‌ಶೈರ್‌ನ ಹಾರ್ವಿಂಗ್ಟನ್ ಹಾಲ್‌ನಲ್ಲಿ ಒಂದು ತೊಲೆಯನ್ನ ತಿರುಗಿಸಿದರೆ ಹಿಂದೆ ಗೂಡು ತೆರೆಯುತ್ತದೆ.

ಗೂಡು ಖರೆಯೋ ಅಂತ ನೋಡೋಕೆ ಅವತ್ತಿನ ಶೋಧದವರ ಉಪಾಯವೇ ಸಾಕು: ಟೇಪು. ಹೊರಗೆ ಗೋಡೆ 40 ಅಡಿ ಅನ್ನಿ. ಒಳಗೆ ಎರಡು ಕೋಣೆ 18 ಮತ್ತು 14. ಹೊರಗೋಡೆ ಎರಡು ಅಡಿಯಂತೆ ಎರಡು, ನಡುಗೋಡೆ ಒಂದು ಅಡಿ. ಒಟ್ಟು 37. ಮೂರಡಿ ಎಲ್ಲಿ ಹೋಯಿತು? ಕೂಡಲೇ ಪಾದ್ರಿಯನ್ನ ಕರೆಯಬೇಡಿ. ಮೇಲೆ ಚಾವಣಿಯಲ್ಲಿ ಆ ಜಾಗಕ್ಕೆ ನೇರ ಚಿಮಣಿ ಇದೆಯಾ ನೋಡ್ರಿ. ಇದ್ದರೆ ಮೂರಡಿ ಹೊಗೆಕೊಳವೆಯ ಪಾಲು. ಚಿಮಣಿ ಇಲ್ಲ, ಕೆಳಗೆ ಒಲೆ ಇಲ್ಲ ಅಂದಾಗ ಮುಂದಿನ ಮಾತು. ಮನೆ ಕ್ಯಾಥೊಲಿಕರ ಕೈಲಿತ್ತಾ, 1606ಕ್ಕಿಂತ ಹಳೇದಾ ಅನ್ನೋದೂ ಸೇರಬೇಕು. 1750ರ ಮನೆಯಲ್ಲಿ ಆ ಕಾಲದ ಅಡಗುಗೂಡು ತೋರಿಸಿದರೆ ನಕ್ಕು ಮುಂದೆ ಹೋಗ್ರಿ.

ಮನುಷ್ಯರಿಗಾಗಿಯೇ ಸುರಂಗ ತೋಡಿಸಿದ ಮನೆಯೂ ಇದೆ. ನಾಟಿಂಗ್‌ಹ್ಯಾಮ್‌ಶೈರ್‌ನ ವೆಲ್‌ಬೆಕ್ ಅಬಿ. ಯಾರ ಕಣ್ಣಿಗೂ ಬೀಳಲು ಒಲ್ಲದ ಐದನೇ ಡ್ಯೂಕ್ ಆಫ್ ಪೋರ್ಟ್‌ಲ್ಯಾಂಡ್, 1879ರಲ್ಲಿ ತೀರಿಕೊಂಡವನು, ನೆಲದಡಿ ದೊಡ್ಡ ಸಭಾಂಗಣವನ್ನೇ ಕಟ್ಟಿಸಿದ.

ಕಡತದ_ದೂಳು, ಬಳ್ಳಾರಿ

ಕೆಡವಿದ್ದಕ್ಕೆ ಕಾರಣ ಗೋಡೆಯಲ್ಲ, ಜಮೀನು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಗೇಣಿ ಬಿತ್ತು. 1894ರಲ್ಲಿ ಸಾವಿನ ತೆರಿಗೆ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ. ಹತ್ತು ಲಕ್ಷ ಪೌಂಡು ದಾಟಿದ ಆಸ್ತಿಗೂ ಶೇ. 8 ಅಷ್ಟೇ, 1946ಕ್ಕೆ ಮೇಲಿನ ದರ ಶೇ. 75. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಕೂತು ಎದ್ದು ಹೋಗಿತ್ತು, ಆಳುಗಳಿಲ್ಲ, ದುರಸ್ತಿಯಿಲ್ಲ. 1955ರಲ್ಲಿ ಸುಮಾರು ಐದು ದಿನಕ್ಕೊಂದು ಮನೆ ಬೀಳುತ್ತಿತ್ತು. ಸಂರಕ್ಷಿತ ಪಟ್ಟಿಗೆ ಸೇರಿದ ಮನೆ ಕೆಡವಲು ಅನುಮತಿ ಕಡ್ಡಾಯ ಆದದ್ದು 1968ರ ಕಾಯಿದೆಯಿಂದ.

ಗಚ್ಚು_ಗಾರೆ, ರಾಯಚೂರು

ದುಡ್ಡು ನಿಂತಾಗ ಮೊದಲು ಹೋಗೋದು ಕುಂಬಿಯ ಹಿಂದಿನ ಕಾಲುವೆ. ಕೆಳಗಿಂದ ಕಾಣೋದಿಲ್ಲ. ಎಲೆ ತುಂಬಿ ದೋಣಿಬಾಯಿ ಕಟ್ಟಿತು ಅಂದರೆ ನೀರು ಗೋಡೆಯೊಳಗೆ ಇಳಿದು ತೊಲೆಯ ತುದಿ ನೆನೆಯುತ್ತದೆ. ಕಟ್ಟಿಗೆಯ ತೇವ ಶೇ. 20 ದಾಟಿದರೆ ಡ್ರೈ ರಾಟ್ ಅನ್ನೋ ಬೂಷ್ಟು ಹತ್ತುತ್ತದೆ. ಅದರ ಎಳೆ ಗೋಡೆ ದಾಟಿ ಆಚೆ ಕೋಣೆಯ ಮರಕ್ಕೂ ಹೋಗುತ್ತದೆ, ಮರ ಚೌಕ ಚೌಕವಾಗಿ ಬಿರಿಯುತ್ತದೆ. ಬರೀ ಮರ ಬದಲಿಸಿ ಸೋರುವ ಕಡೆ ಬಿಟ್ಟರೆ ಹೊಸ ಮರವೂ ಅದೇ ದಾರಿ.

ಚಾವಣಿಯ ಸೀಸದ ತಗಡಿನ ಲೆಕ್ಕ ಇನ್ನೊಂದು. ಎರಡು ಮೀಟರ್ ತಗಡು 50 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಸಣ್ಣ ತುಂಡು ಮಾಡಿ, ಮರದ ದುಂಡು ಪಟ್ಟಿಯ ಮೇಲೆ ಮಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಹಾಸಬೇಕು. ಬಿರುಕು ಬಿಟ್ಟಿತು ಅಂತ ಬೆಸುಗೆ ಹಾಕಿದರೆ ತಗಡು ಅಲ್ಲಿ ಸಿಕ್ಕಿಕೊಂಡು ಪಕ್ಕದಲ್ಲಿ ಮತ್ತೆ ಬಿರಿಯುತ್ತದೆ. ಬೆಂಕಿಯ ಭಯ ಬೇರೆ. 1989ರ ಆಗಸ್ಟ್ 30ರಂದು ಸಸೆಕ್ಸಿನ ಅಪ್‌ಪಾರ್ಕ್ ಸುಟ್ಟದ್ದು ಚಾವಣಿಯ ಸೀಸ ಕೂಡಿಸುವಾಗ. ಮತ್ತೆ ಬಾಗಿಲು ತೆರೆದದ್ದು 1995ಕ್ಕೆ.

ಗುಡ್ಡದ_ನೆರಳು, ಬಳ್ಳಾರಿ

ಟೇಪಿನ ಲೆಕ್ಕ ಬಹಳ ಉಪಯೋಗ ಆಯ್ತು. ಕೊನೇದೊಂದು: ಈಸ್ಟ್ ಇಂಡಿಯಾ ಕಂಪನಿ ಇಲ್ಲಿಂದ ಹೊತ್ತ ದುಡ್ಡು ಯಾವ ಮನೆಯಲ್ಲಾದರೂ ಕಣ್ಣಿಗೆ ಕಾಣುತ್ತದಾ?

ಕಡತದ_ದೂಳು, ಬಳ್ಳಾರಿ

ಗ್ಲಾಸ್ಟರ್‌ಶೈರ್‌ನ ಸೆಜಿನ್‌ಕೋಟ್. ಕಂಪನಿಯಲ್ಲಿದ್ದ ಚಾರ್ಲ್ಸ್ ಕಾಕರೆಲ್‌ಗೆ ಅವನ ಅಣ್ಣತಮ್ಮಂದಿರಲ್ಲೊಬ್ಬನಾದ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ 1805ರ ಸುಮಾರಿಗೆ ಕಟ್ಟಿಕೊಟ್ಟದ್ದು. ಹೊರಗೆ ಹಸಿರುಗಟ್ಟಿದ ತಾಮ್ರದ ಗುಮ್ಮಟ, ಅಗಲ ಛಜ್ಜಾ. ಒಳಗೆ ಕಾಲಿಟ್ಟರೆ ಹಿಂದುಸ್ತಾನದ ಗುರುತಿಲ್ಲ, ಪೂರಾ ಯುರೋಪಿನ ಮನೆ. ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ನಂದಿಗಳು. ಖಾಸಗಿ ಮನೆ, ಮನೆಯೊಳಗೆ ಬಿಡೋದು ಕೆಲವೇ ದಿನ, ಮೊದಲೇ ವಿಚಾರಿಸಿ ಹೋಗ್ರಿ. ವೇಲ್ಸ್‌ವರೆಗೆ ಹೋಗೋದಾದರೆ ಪೋವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆ ಇದೆ. ಆ ಮನೆತನದ ಎಡ್ವರ್ಡ್ ಕ್ಲೈವ್ ಮದ್ರಾಸಿನ ಗವರ್ನರ್ ಆಗಿದ್ದಾಗಲೇ, 1800ರಲ್ಲಿ, ನಿಜಾಮ ನಮ್ಮ ಬಳ್ಳಾರಿಯನ್ನ ಕಂಪನಿಗೆ ಬರೆದುಕೊಟ್ಟದ್ದು.