ಅಪ್‌ಡೇಟ್: ಬದಿಯಡ್ಕದ ‘ಇಂಧನವಿಲ್ಲದ ಜನರೇಟರ್’ ಏನಾಯಿತು?

ಹೋದ ವಾರ ಕೇಳಿದ್ದು ನೆನಪಿರಬಹುದು: ಒಬ್ಬ ‘ಸಂಶೋಧಕ’ನಿಗೆ ಅಡ್ವಾನ್ಸ್ ಕೊಟ್ಟು ಕೈಸುಟ್ಟುಕೊಂಡ ಮೇಲೆ, ಅಡಿಕೆ ತೋಟದ ಪಂಪಿಗೆ ಡೀಸೆಲ್ ಬೇಡದ ಜನರೇಟರ್ ಕೊಡ್ತೇನೆಂದು ಬಂದ ಎರಡನೆಯವರನ್ನು ನಂಬುವುದು ಹೇಗೆ ಅಂತ.

‘ಪೇಟೆಂಟ್ ನೋಡಿ’ ಎಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. ಅವರು ತೋರಿಸಿದ್ದು ಅರ್ಜಿಯ ನಂಬರ್. ಅರ್ಜಿ 18 ತಿಂಗಳಾದರೆ ತಾನಾಗಿ ಪ್ರಕಟವಾಗುತ್ತದೆ, ಅದು ಮಂಜೂರಾತಿಯಲ್ಲ.

ಕೆಲಸಕ್ಕೆ ಬಂದದ್ದು ಬ್ಯಾಟರಿ ಲೆಕ್ಕ. ‘ಸ್ಟಾರ್ಟ್ ಮಾಡಲಿಕ್ಕೆ ಮಾತ್ರ’ ಎಂದ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ (1,800 ವ್ಯಾಟನ್ನು ಒಂದು ಗಂಟೆ ಓಡಿಸುವಷ್ಟು ವಿದ್ಯುತ್) ಇರುತ್ತದೆ. ಅರ್ಧ ಗಂಟೆ ಡೆಮೊದಲ್ಲಿ 500 ವ್ಯಾಟಿನ ಬಲ್ಬುಗಳಿಗೆ ಬೇಕಾದ್ದು 250. ಬ್ಯಾಟರಿ ಓಡಿಸುವ ಮೋಟಾರು, ಅದು ತಿರುಗಿಸಿ ಕರೆಂಟ್ ತೆಗೆಯುವ ಆಲ್ಟರ್ನೇಟರಿನಲ್ಲಿ ಅರ್ಧ ಪೋಲಾದರೂ ಧಾರಾಳ! ಹಾಗಾಗಿ 100 ವ್ಯಾಟಿನ ಐದು ಹಳೇ ಫಿಲಮೆಂಟ್ ಬಲ್ಬ್ ಹಾಕಿ, ನಾಲ್ಕು ಗಂಟೆ, ಅಂದರೆ ಬ್ಯಾಟರಿಗೆ ಮೀರಿದಷ್ಟು ಹೊತ್ತು, ನಿಲ್ಲಿಸದೆ ಓಡಿಸಿ ಅಂದದ್ದು. ಒಂದು ಗಂಟೆ ಹತ್ತು ನಿಮಿಷಕ್ಕೆ ಬಲ್ಬಿನ ತಂತಿ ಕೆಂಪು ಕೆಂಡದ ಹಾಗಾಯಿತು, ಆಮೇಲೆ ಕತ್ತಲೆ. ಬ್ಯಾಟರಿ ಬಿಚ್ಚಿ ಅಂದರೆ ‘ಸರ್ಕಿಟ್ ಹೋಗ್ತದೆ’ ಅಂತ ರಾಗ.

ಗೊತ್ತಿಲ್ಲದ್ದೊಂದು ತಿಳಿಯಿತು. ಇಂಥ ಡೆಮೊಗಳಲ್ಲಿ ಬ್ಯಾಟರಿಯ ವಯರ್ ಕಿತ್ತರೂ ಬಲ್ಬ್ ಉರಿಯುವುದು ಫ್ಲೈವೀಲ್ (ತಿರುಗುತ್ತಲೇ ಶಕ್ತಿ ಹಿಡಿದಿಡುವ ಭಾರದ ಚಕ್ರ) ಆಟ. 60 ಕಿಲೋ ತೂಕ, ಎರಡಡಿ ಅಗಲದ ಚಕ್ರ 1,500 ಆರ್‌ಪಿಎಂನಲ್ಲಿದ್ದರೂ ಹಿಡಿದಿಡುವುದು ಬರೀ 9 ವ್ಯಾಟ್-ಅವರ್. 500 ವ್ಯಾಟಿಗೆ ಒಂದು ನಿಮಿಷ. ಚಪ್ಪಾಳೆ ಬೀಳಲು ಅಷ್ಟು ಸಾಕು. ಅಡ್ವಾನ್ಸ್ ಕೊಟ್ಟಿಲ್ಲ.