ಸಹಾಯ ಬೇಕು: ಹಳೆಯ ಆಲ್ಟೊಗೆ ತಾನಾಗಿ ಉರಿಯುವ ಹೆಡ್‌ಲೈಟ್

ಎಲ್ಲರಿಗೂ ನಮಸ್ಕಾರ. ಮನೆ ಪೆರ್ಲದ ಬಳಿ. 2008ರ ಆಲ್ಟೊ ಕಾರನ್ನು ಈಗಲೂ ಓಡಿಸುವವರು ಎಪ್ಪತ್ತು ದಾಟಿದ ಅಪ್ಪ. ಬದಿಯಡ್ಕದಿಂದ ಬರುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ, ಮಳೆಗಾಲದಲ್ಲಿ ಆರಕ್ಕೆ ಮೊದಲೇ ಕತ್ತಲು ಕವಿಯುತ್ತದೆ. ಅವರಿಗೆ ದೀಪ ಹಾಕುವುದೇ ಮರೆತುಹೋಗುತ್ತದೆ. ಕಳೆದ ವಾರ ತಿರುವಿನಲ್ಲಿ ಎದುರು ಬಂದ ಬಸ್ಸು ಕೂದಲೆಳೆಯಲ್ಲಿ ತಪ್ಪಿತು. ಅಂದಿನಿಂದ ನನಗೆ ನಿದ್ದೆಯಿಲ್ಲ.

ಬೆಳಕು ಕುಗ್ಗಿದೊಡನೆ ಹೆಡ್‌ಲೈಟ್ ಉರಿಸುವ ಸೆನ್ಸರ್ ತರಿಸಿದ್ದೇನೆ. ಅದರಲ್ಲಿರುವ ಪುಟ್ಟ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) 10 ಆಂಪಿಯರ್‌ನದು. 55 ವ್ಯಾಟ್‌ನ ಎರಡು ಬಲ್ಬ್‌ಗಳೇ 12 ವೋಲ್ಟ್‌ನಲ್ಲಿ 9 ಆಂಪಿಯರ್ ದಾಟುತ್ತವೆ. ಹತ್ತು ನಿಮಿಷ ದೀಪ ಉರಿಸಿ ಆ ರಿಲೇ ಮುಟ್ಟಿದರೆ ಬೆರಳು ಚುರುಗುಟ್ಟಿತು. ಬ್ಯಾಟರಿಯಿಂದ ಫ್ಯೂಸ್ ಹಾಕಿ ಎಳೆದ ತಂತಿಗೆ ಬೇರೆಯೇ 30 ಆಂಪಿಯರ್ ರಿಲೇ ಜೋಡಿಸಿ, ಸೆನ್ಸರ್ ಅದನ್ನು ಎಬ್ಬಿಸಿದರೆ ಸಾಕಲ್ಲವೇ?

ಈ ಕಾರಿನ ದೀಪದ ಸ್ವಿಚ್ ಕಡಿಯುವುದು ಪಾಸಿಟಿವ್ ತಂತಿಯನ್ನೋ ನೆಗೆಟಿವ್ ತಂತಿಯನ್ನೋ? ಮರದ ನೆರಳು ಬಂದಾಗಲೆಲ್ಲ ಹತ್ತಿ ಆರದಂತೆ ಎಷ್ಟು ಸೆಕೆಂಡ್ ತಡ ಇಡಬೇಕು? ಕೀ ತೆಗೆದರೆ ದೀಪ ಆರಲೇಬೇಕು, ಹಳೆಯ ಸ್ವಿಚ್ಚೂ ಕೆಲಸ ಮಾಡಬೇಕು.

ಹಿಂದೊಮ್ಮೆ ಒಂದು ಗ್ಯಾರೇಜಿನವರು ತಂತಿ ಕತ್ತರಿಸಿ ಬರೀ ಟೇಪು ಸುತ್ತಿ ಕೊಟ್ಟಿದ್ದರು. ಕುಂಬಳೆ, ಕಾಸರಗೋಡು, ಪುತ್ತೂರಿನ ಕಡೆ ಕೈ ಶುದ್ಧವಿರುವ ಎಲೆಕ್ಟ್ರಿಷಿಯನ್ ಇದ್ದರೆ ದಯವಿಟ್ಟು ತಿಳಿಸಿ.