ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಬಹುದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗ): ಅಣ್ಣಾ, ನಮಸ್ಕಾರ. ನನ್ನದು 2017ರ ಸಣ್ಣ ಪೆಟ್ರೋಲ್ ಕಾರು. 58,000 ಕಿ.ಮೀ. ಓಡಿದೆ. ಹದಿನೈದು ದಿನದಿಂದ ಬ್ರೇಕ್ ಹಿಡಿದರೆ ಮುಂದಿನ ಎಡ ಚಕ್ರದಲ್ಲಿ ಕೀಂ ಅಂತ ಸದ್ದು. ಬಲಗಡೆ ಏನೂ ಇಲ್ಲ. ಎರಡು ವರ್ಷದ ಹಿಂದಷ್ಟೇ ಪ್ಯಾಡ್ ಹಾಕಿಸಿದ್ದೆ. ಈಗ ತೋರಿಸಿದ ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೆಯೇ ಪ್ಯಾಡು, ಡಿಸ್ಕು ಎರಡೂ ಬದಲಿಸಬೇಕು ಅಂದರು. ನಾನೇ ಮನೆಯಲ್ಲಿ ಮಾಡಬಹುದಾ? ಬೈಕಿನ ಕೆಲಸವೆಲ್ಲ ನಾನೇ ಮಾಡಿಕೊಳ್ಳುತ್ತೇನೆ.

ಉತ್ತರ (ಮೆಕ್ಯಾನಿಕ್): ನಮಸ್ಕಾರ. ಬೈಕ್ ಬಿಚ್ಚಿ ಜೋಡಿಸುವ ಕೈಗೆ ಇದು ಕಷ್ಟ ಅಲ್ಲ. ಆದರೆ ಈಗಲೇ ಅಂಗಡಿಗೆ ಹೋಗಿ ಪ್ಯಾಡ್ ತರಬೇಡಿ. ಮೊದಲು ಬಿಚ್ಚಿ ನೋಡಿ. ಒಂದೇ ಕಡೆ ಸದ್ದು, ಅದೂ ಎರಡೇ ವರ್ಷಕ್ಕೆ ಅಂದರೆ ಪ್ಯಾಡ್ ಸುಮ್ನೆ ಸವೆದಿಲ್ಲ, ಏನೋ ಅದನ್ನು ಸವೆಸಿದೆ. ಅದನ್ನು ಹುಡುಕದೆ ಹೊಸ ಪ್ಯಾಡ್ ಹಾಕಿದರೆ ಅದಕ್ಕೂ ಅದೇ ಗತಿ.

ಕೀಂ ಅನ್ನುವ ಸದ್ದು ಎಚ್ಚರಿಕೆ ಕೊಡುವುದಕ್ಕೇ ಇಟ್ಟಿರುವುದು. ಪ್ಯಾಡಿನ ಹಿಂದಿನ ತಗಡಿಗೆ ಒಂದು ಸಣ್ಣ ಪಟ್ಟಿ ಇರುತ್ತದೆ. ಲೈನಿಂಗ್, ಅಂದರೆ ತಗಡಿನ ಮೇಲಿನ ಉಜ್ಜುವ ಪದರ, ಸವೆದು 2-3 ಎಂಎಂಗೆ ಇಳಿದಾಗ ಆ ಪಟ್ಟಿ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ತಟ್ಟೆಗೆ) ತಾಗಿ ಕೂಗುತ್ತದೆ. ಸದ್ದು ಕರ ಕರ ಅಂತ ಬದಲಾದರೆ ತಗಡೇ ಡಿಸ್ಕನ್ನು ಕೆರೆಯುತ್ತಿದೆ ಅಂತ. ಆಮೇಲೆ ಕಾರು ಓಡಿಸಬೇಡಿ.

ಬಿಚ್ಚುವ ಮೊದಲು ಕಾರು ನಿಲ್ಲಿಸುವ ವಿಷಯ. ಇದನ್ನು ಓದಿ ಬಿಟ್ಟುಬಿಡಬೇಡಿ. ಮಟ್ಟವಾದ ಗಟ್ಟಿ ನೆಲ ಬೇಕು, ಮಣ್ಣಿನ ಅಂಗಳ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಒಂದು ಸುತ್ತಿನ ಕಾಲು ಭಾಗ ಸಡಿಲ ಮಾಡಿ, ಆಮೇಲೆ ಜಾಕಿ. ಕಾರಿನ ಜೊತೆ ಬಂದ ಜಾಕಿ ಟೈರ್ ಬದಲಿಸುವುದಕ್ಕೆ ಮಾತ್ರ. ಬ್ರೇಕ್ ಕೆಲಸಕ್ಕೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಒಂದು ಜೊತೆ ಕೊಂಡಿಟ್ಟುಕೊಳ್ಳಿ, ಜೀವಮಾನ ಪೂರ್ತಿ ಬರುತ್ತದೆ. ಬಿಚ್ಚಿದ ಚಕ್ರವನ್ನೂ ಬಾಗಿಲ ಕೆಳಗೆ ಅಡ್ಡಕ್ಕೆ ತಳ್ಳಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲೆ ಅಲ್ಲ.

ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ಕ್ಯಾಲಿಪರಿನ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ, ಹಿಂಭಾಗ ಹೊರಗೆ ಕಾಣುತ್ತದೆ. ಅಲ್ಲಿ ಎರಡು ಬೋಲ್ಟ್ ಇರುತ್ತವೆ. ಕೆಳಗಿನದನ್ನು ಮಾತ್ರ ಬಿಚ್ಚಿ. ಬೋಲ್ಟ್ ಕೂರುವ ಪಿನ್ ಕೂಡ ಜೊತೆಗೇ ಸುತ್ತಿದರೆ ಅದನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಕ್ಯಾಲಿಪರ್ ಆಗ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಬೇಕಾಗಿ ಬಂದರೆ ತಂತಿಯಿಂದ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಹೋಸ್ ಮೇಲೆ ನೇತಾಡಲು ಬಿಡಬೇಡಿ, ಹೋಸ್ ಒಳಗೇ ಸೀಳುತ್ತದೆ. ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಬಟ್ಟೆಯಿಂದ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಎರಡೂ ಕಡೆ ಬಿಚ್ಚಿ ನಾಲ್ಕೂ ಪ್ಯಾಡುಗಳನ್ನು ಪಕ್ಕಪಕ್ಕ ಇಟ್ಟು ಫೋಟೋ ಹಾಕಿ.

ಪ್ರಶ್ನೆ (ಶಿವಮೊಗ್ಗ, ಭಾನುವಾರ): ಅಣ್ಣಾ, ಬಿಚ್ಚಿದೆ. ಬಲಗಡೆಯ ಎರಡೂ ಪ್ಯಾಡ್ 6 ಎಂಎಂ ಇವೆ. ಎಡಗಡೆ ಹೊರಗಿನದು 7 ಎಂಎಂ, ಒಳಗಿನದು 2 ಎಂಎಂ ಕೂಡ ಇಲ್ಲ. ಕೆಳಗಿನ ಪಿನ್ ಕೈಯಲ್ಲಿ ಎಳೆದರೆ ಬರಲೇ ಇಲ್ಲ. ತಿರುಚಿ ತಿರುಚಿ ಎಳೆದ ಮೇಲೆ ಕಂದು ಬಣ್ಣದ ನೀರಿನ ಜೊತೆ ಬಂತು. ಪಿನ್ ಮುಚ್ಚುವ ರಬ್ಬರ್ ಬೂಟ್ ಹರಿದಿದೆ.

ಉತ್ತರ: ಸಿಕ್ಕಿತಲ್ವಾ. ಅದೇ ಕಳ್ಳ.

ನಿಮ್ಮ ಕಾರಿನ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಿನ ಕಡೆ ಮಾತ್ರ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಗ ಕ್ಯಾಲಿಪರ್ ತಾನೇ ಆ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತಬೇಕು. ಪಿನ್ ಕಚ್ಚಿಕೊಂಡರೆ ಕ್ಯಾಲಿಪರ್ ಜಾರುವುದಿಲ್ಲ. ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡಿ ಸಾಯುತ್ತದೆ. ಹೊರಗಿನದು ಹೊಸದರಂತೆ ಉಳಿಯುತ್ತದೆ. ಬೂಟ್ ಹರಿದು ನೀರು ಹೋಗಿದೆ, ಗ್ರೀಸ್ ತೊಳೆದುಹೋಗಿದೆ, ಪಿನ್ ತುಕ್ಕು ಹಿಡಿದಿದೆ. ನಿಮ್ಮೂರಿನ ಮಳೆಗೆ ಇದು ಅಪರೂಪ ಏನಲ್ಲ.

ಮಾಡಬೇಕಾದ್ದು ಇಷ್ಟು. ಪಿನ್ ಮೇಲೆ ತುಕ್ಕು ತಿಂದ ಗುಳಿಗಳಿದ್ದರೆ ಹೊಸ ಪಿನ್ ಹಾಕಿ. ಬೂಟ್ ಹೇಗೂ ಹೊಸದೇ. ಪಿನ್ ಹೋಗುವ ತೂತನ್ನು ಕ್ಲೀನರ್ ಹಾಕಿ ಬಟ್ಟೆ ಸುತ್ತಿದ ಕಡ್ಡಿಯಿಂದ ಸ್ವಚ್ಛ ಮಾಡಿ. ಎರಡು ಪಿನ್ನುಗಳಲ್ಲಿ ಒಂದರ ತುದಿಗೆ ರಬ್ಬರ್ ಬುಷ್ ಇದ್ದರೆ ಅದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು, ಅದಲು ಬದಲು ಮಾಡಬೇಡಿ. ಗ್ರೀಸ್ ಬ್ರೇಕಿಗೆ ಅಂತಲೇ ಸಿಗುವ ಸಿಲಿಕಾನ್ ಗ್ರೀಸ್ ಆಗಿರಲಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಕಚ್ಚುತ್ತದೆ. ನನ್ನ ಹತ್ತಿರ ಬರುವ ಕಚ್ಚಿಕೊಂಡ ಕ್ಯಾಲಿಪರುಗಳಲ್ಲಿ ಇದನ್ನು ತುಂಬಾ ಸಲ ನೋಡಿದ್ದೇನೆ. ಹಾಕಿದ ಮೇಲೆ ಬೆರಳಿನಲ್ಲಿ ಒತ್ತಿದರೆ ಪಿನ್ ನುಣ್ಣಗೆ ಒಳಗೆ ಹೋಗಿ, ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬರಬೇಕು. ಹಾಗೆ ಬಂದರೆ ಗೆದ್ದಿರಿ.

ಇನ್ನು ಡಿಸ್ಕ್. ಅದರ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ. ಅಳೆಯಲು ಮೈಕ್ರೋಮೀಟರ್ ಬೇಕು. ವರ್ನಿಯರ್ ಹಿಡಿದರೆ ಅಂಚಿನಲ್ಲಿ ಸವೆಯದೆ ಉಳಿದ ಏರಿನ ಮೇಲೆ ಕೂತು ದಪ್ಪ ಜಾಸ್ತಿ ತೋರಿಸುತ್ತದೆ. ಪ್ಯಾಡ್ ಉಜ್ಜುವ ಜಾಗದಲ್ಲಿ ಸುತ್ತಲೂ ಏಳೆಂಟು ಕಡೆ ಅಳೆಯಿರಿ. ಅಚ್ಚಿನ ಅಂಕಿಗಿಂತ ಚೆನ್ನಾಗಿ ಮೇಲಿದ್ದು, ಆಳವಾದ ಗೀರು, ಬಿರುಕು ಇಲ್ಲದಿದ್ದರೆ ಡಿಸ್ಕ್ ಬದಲಿಸುವ ಅಗತ್ಯ ಇಲ್ಲ.

ಪ್ಯಾಡನ್ನು ಮಾತ್ರ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಿಸಿ, ಬಲಗಡೆಯದು 6 ಎಂಎಂ ಇದ್ದರೂ ಸರಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದಾದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಅಂಗಡಿಯಲ್ಲಿ ಮಾಡೆಲ್ ಹೆಸರಷ್ಟೇ ಹೇಳಬೇಡಿ, ಚಾಸಿಸ್ ನಂಬರ್ ಕೊಡಿ. ಒಂದೇ ಮಾಡೆಲಿನಲ್ಲಿ ವರ್ಷಕ್ಕೆ ತಕ್ಕಂತೆ ಪ್ಯಾಡ್ ಬೇರೆ ಇರಬಹುದು.

ಪಿಸ್ಟನ್ ಹಿಂದಕ್ಕೆ ತಳ್ಳುವ ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಆಯಿಲ್ ಮೇಲಿನ ಗೆರೆಯವರೆಗೆ ಇದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ, ಇಲ್ಲವಾದರೆ ಉಕ್ಕುತ್ತದೆ. ಅದು ಬಿದ್ದ ಕಡೆ ಪೇಂಟ್ ಎದ್ದುಬರುತ್ತದೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಹಳೆಯ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನಕ್ಕೆ ಒತ್ತಿ. ನಯವಾಗಿ ಒಳಗೆ ಹೋಗಬೇಕು. ಹೋಗದಿದ್ದರೆ, ಅಥವಾ ಪಿಸ್ಟನ್ ಸುತ್ತ ಆಯಿಲ್ ಒದ್ದೆ ಕಂಡರೆ, ಅಲ್ಲಿಗೇ ನಿಲ್ಲಿಸಿ. ಕ್ಯಾಲಿಪರ್ ಓವರ್‌ಹಾಲ್ ಮನೆಯಂಗಳದ ಕೆಲಸ ಅಲ್ಲ. ಅದನ್ನು ಮೊದಲ ಸಲಕ್ಕೇ ಮಾಡಲು ನಾನು ಯಾರಿಗೂ ಹೇಳುವುದಿಲ್ಲ.

ಚಕ್ರದ ಹತ್ತಿರ ತೆಳ್ಳಗಿನ ಒಂದು ವಯರ್ ಬರುತ್ತದೆ, ಅದು ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರಿನದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಅದಕ್ಕಿಂತ ಹಳೆಯ ಕಾರುಗಳಲ್ಲೂ ಇರಬಹುದು. ಕ್ಯಾಲಿಪರ್ ಮಡಚುವಾಗ ಅದು ಎಳೆಯದಂತೆ ನೋಡಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲೇ, ಪೆಡಲನ್ನು ಗಟ್ಟಿಯಾಗುವವರೆಗೆ ಮೆಲ್ಲಗೆ ತುಳಿಯುತ್ತಿರಿ. ನಾನು ಕೆಲಸ ಕಲಿಯುವ ದಿನಗಳಲ್ಲಿ ಒಂದು ಸಲ ಇದನ್ನು ಮರೆತು ಕಾರು ರಿವರ್ಸ್ ತೆಗೆದೆ. ಪಿಸ್ಟನ್ ಇನ್ನೂ ಒಳಗೇ ಇತ್ತು. ಪೆಡಲ್ ಸೀದಾ ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ, ಹಿಂದಿನ ಗೋಡೆಗೆ ಹೋಗಿ ಬಡಿಯಿತು. ನಡುವೆ ಯಾರೂ ನಿಂತಿರಲಿಲ್ಲ. ಇವತ್ತಿಗೂ ಪ್ಯಾಡ್ ಹಾಕಿದಾಗಲೆಲ್ಲ ಆ ಗೋಡೆ ನೆನಪಾಗುತ್ತದೆ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ಮತ್ತೊಮ್ಮೆ ನೋಡಿ.

ಪ್ರಶ್ನೆ (ಬೆಂಗಳೂರು): ಸರ್, ನನ್ನ ಕಾರು ಹೈವೇಯಲ್ಲಿ 80ರಲ್ಲಿ ಬ್ರೇಕ್ ಹಿಡಿದರೆ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ಲೇತಿಗೆ ಕೊಡಲಾ?

ಉತ್ತರ: ಮೇಡಂ, ಬ್ರೇಕ್ ಹಿಡಿಯದಿದ್ದಾಗಲೂ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್, ಬ್ರೇಕ್ ಅಲ್ಲ. ಹಿಡಿದಾಗ ಮಾತ್ರ ಆದರೆ ಡಿಸ್ಕೇ. ಆದರೆ ಎಲ್ಲರೂ ಹೇಳುವಂತೆ ಡಿಸ್ಕ್ ಬಾಗಿರುವುದು ಕಡಿಮೆ. ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. ಕೂದಲೆಳೆಯಷ್ಟೂ ಅಲ್ಲದ ವ್ಯತ್ಯಾಸ ಸಾಕು, ಕೈಗೆ ಗೊತ್ತಾಗುತ್ತದೆ.

ಹೀಗಾಗಲು ಒಂದು ಕಾರಣ ಏರ್ ಗನ್. ಟೈರ್ ಅಂಗಡಿಯಲ್ಲಿ ನಟ್‌ಗಳನ್ನು ಗನ್ನಿನಲ್ಲಿ ಒಂದೊಂದು ಒಂದೊಂದು ಬಿಗಿಗೆ ಹೊಡೆಯುತ್ತಾರೆ. ಡಿಸ್ಕ್ ಓರೆಯಾಗಿ ಕೂತು ಸಾವಿರಾರು ಕಿ.ಮೀ. ಓಡುವಷ್ಟರಲ್ಲಿ ಪ್ಯಾಡ್ ಅದನ್ನು ಒಂದೇ ಕಡೆ ಸವೆಸುತ್ತದೆ. ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕು ಇದ್ದರೂ ಅಷ್ಟೇ. ಇನ್ನೊಂದು, ಜೋರಾಗಿ ಬ್ರೇಕ್ ಹಿಡಿದು ಸಿಗ್ನಲಿನಲ್ಲಿ ಪೆಡಲ್ ಒತ್ತಿಕೊಂಡೇ ನಿಲ್ಲುವುದು. ಕಾದ ಪ್ಯಾಡು ಡಿಸ್ಕಿನ ಒಂದೇ ಜಾಗಕ್ಕೆ ಅಂಟುತ್ತದೆ.

ಲೇತಿಗೆ ಕೊಡಬಹುದು. ಆದರೆ ಸ್ಕಿಮ್ಮಿಂಗ್ (ಮೇಲ್ಮೈ ಕೆತ್ತಿ ಸಮ ಮಾಡುವುದು) ಆದ ಮೇಲೂ ದಪ್ಪ ಅಚ್ಚಿನ ಅಂಕಿಗಿಂತ ಮೇಲಿರಬೇಕು. ಇರದಿದ್ದರೆ ಹೊಸದೇ ಹಾಕಿ. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ. ಯಾವುದೇ ಆದರೂ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಲ್ಲಿ ಹೊಳೆಯುವಂತೆ ಉಜ್ಜಿ ಆಮೇಲೆ ಡಿಸ್ಕ್ ಕೂರಿಸಿ. ನಟ್‌ಗಳನ್ನು ಎದುರು ಬದುರು ಬಿಗಿಯುತ್ತಾ ಬನ್ನಿ, ಕೊನೆಯದು ಟಾರ್ಕ್ ರೆಂಚಿನಲ್ಲಿ. ಅಂಕಿ ನಿಮ್ಮ ಕಾರಿನ ಪುಸ್ತಕದಲ್ಲಿದೆ.

ಪ್ರಶ್ನೆ (ಮಂಗಳೂರು): ಬೆಳಿಗ್ಗೆ ಗಾಡಿ ತೆಗೆದರೆ ಡಿಸ್ಕ್ ಪೂರ್ತಿ ಕೆಂಪು ಮಾರಾಯ್ರೆ, ಕರ್ ಅಂತ ಸದ್ದು ಬೇರೆ. ಬದಲಿಸಬೇಕಾ?

ಉತ್ತರ: ಬೇಡ. ಎರಕದ ಕಬ್ಬಿಣ, ಸಮುದ್ರದ ಗಾಳಿ. ನಾಲ್ಕೈದು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಹೋಗದೆ ಗುಳಿ ಬಿದ್ದಿದ್ದರೆ ಮಾತ್ರ ತೋರಿಸಿ.

ಪ್ರಶ್ನೆ (ಹಾಸನ): ಕಳೆದ ವಾರ ಚಾರ್ಮಾಡಿ ಘಾಟಿ ಇಳಿಯುವಾಗ ಗಾಡಿಯಲ್ಲಿ ಐದು ಜನ ಇದ್ದೆವು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಯಿತು. ಒಂದು ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತು. ಪ್ಯಾಡ್ ಹೋಗಿದೆಯಾ ಸರ್?

ಉತ್ತರ: ಇದು ಪ್ಯಾಡಿಗಿಂತ ದೊಡ್ಡ ವಿಷಯ. ದಯವಿಟ್ಟು ಮುಂದಿನ ಘಾಟಿಗೆ ಮೊದಲು ಇದನ್ನು ಮುಗಿಸಿ.

ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ ಅಂತ. ಪೆಡಲೇ ಮೆತ್ತಗಾಗಿ ಕೆಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ. ನೀವು ತುಳಿದಿದ್ದು ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ, ಪಿಸ್ಟನ್ ತನಕ ತಲುಪುವುದಿಲ್ಲ. ತಣ್ಣಗಾದರೆ ಗುಳ್ಳೆ ಕರಗಿ ಏನೂ ಆಗಿಲ್ಲ ಅನ್ನಿಸುತ್ತದೆ. ಅದನ್ನು ನಂಬಬೇಡಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಡಾಟ್ 4 ಹೊಸದಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೂರಕ್ಕೆ 3.7ರಷ್ಟು ನೀರು ಸೇರಿದರೆ ಅದು 155ಕ್ಕೂ ಇಳಿಯಬಹುದು. ಡಾಟ್ 3 ಆದರೆ 205 ಇದ್ದದ್ದು 140. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು. ನಿಮ್ಮದು ಯಾವಾಗ ಬದಲಿಸಿದ್ದು? ನೆನಪಿಲ್ಲ ಅಂದರೆ ಈ ವಾರವೇ ಬದಲಿಸಿ. ಯಾವ ಡಾಟ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಡಾಟ್ 5 ಅನ್ನುವುದು ಸಿಲಿಕಾನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ತೆರೆದಿಟ್ಟ ಹಳೆ ಬಾಟಲಿಯದನ್ನೂ ಹಾಕಬೇಡಿ. ಜೊತೆಗೆ ಯಾವುದಾದರೂ ಕ್ಯಾಲಿಪರ್ ಕಚ್ಚಿದೆಯಾ ನೋಡಿಸಿ. ಬಿಡದ ಬ್ರೇಕ್ ಸುಮ್ನೆ ಕಾಯುತ್ತಲೇ ಇರುತ್ತದೆ.

ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ, ತಿರುವುಗಳಲ್ಲಿ ಬೇಕಾದರೆ ಒಂದು. ಇಂಜಿನ್ ಗಾಡಿಯನ್ನು ಹಿಡಿದುಕೊಳ್ಳಲಿ. ಬ್ರೇಕನ್ನು ಸ್ವಲ್ಪ ಗಟ್ಟಿ ಹಿಡಿದು ಪೂರ್ತಿ ಬಿಡಿ, ಉದ್ದಕ್ಕೂ ಕಾಲಿಟ್ಟುಕೊಂಡೇ ಬರಬೇಡಿ. ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲಿನಲ್ಲಿ ಇಳಿಯುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಕಾದ ಡಿಸ್ಕಿಗೆ ನೀರು ಹಾಕಬೇಡಿ, ಬಿರುಕು ಬಿಡಬಹುದು.

ಪ್ರಶ್ನೆ (ಟೊರೊಂಟೊ, ಊರು ದಾವಣಗೆರೆ): ಸರ್, ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಹಿಂದಿನ ಡಿಸ್ಕ್ ಹಬ್ಬಿಗೆ ಅಂಟಿ ಬರುತ್ತಲೇ ಇಲ್ಲ. ಹ್ಯಾಂಡ್ ಬ್ರೇಕ್ ಸ್ವಿಚ್ ಥರದ್ದು.

ಉತ್ತರ: ಡಿಸ್ಕಿನ ಟೋಪಿಯಲ್ಲಿ ಒಳಗೆ ಥ್ರೆಡ್ ಇರುವ (ಬೋಲ್ಟ್ ತಿರುಗಿಸಿ ಹಾಕುವ) ಎರಡು ತೂತು ಇವೆಯಾ ನೋಡಿ. ಅದಕ್ಕೆ ಸರಿಯಾದ ಬೋಲ್ಟನ್ನು ಎರಡರಲ್ಲೂ ಸಮವಾಗಿ ಬಿಗಿಯುತ್ತಾ ಹೋದರೆ ಡಿಸ್ಕ್ ತಾನೇ ಎದ್ದುಬರುತ್ತದೆ. ತೂತು ಇಲ್ಲದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹೊಡೆಯಿರಿ. ಹಳೆಯ ಪ್ಯಾಡನ್ನೇ ಮತ್ತೆ ಹಾಕುವುದಿದ್ದರೆ ಆ ಸ್ಪ್ರೇ ಪ್ಯಾಡಿಗೆ ತಾಗದಿರಲಿ.

ಸ್ವಿಚ್ ಹ್ಯಾಂಡ್ ಬ್ರೇಕ್ ಇದ್ದರೆ ಮೊದಲು ಕಾರನ್ನು ಸರ್ವಿಸ್ ಮೋಡಿಗೆ, ಅಂದರೆ ಮೋಟರ್ ಹಿಂದಕ್ಕೆ ಸರಿದು ಬ್ರೇಕ್ ಕೆಲಸಕ್ಕೆ ಬಿಡುವ ಸ್ಥಿತಿಗೆ, ತನ್ನಿ. ಹಾಗೆ ಮಾಡದೆ ಹಿಂದಿನ ಪಿಸ್ಟನ್ ಒತ್ತಿದರೆ ಒಳಗಿನ ಮೋಟರ್ ಹಾಳಾಗುತ್ತದೆ. ಕೇಬಲ್ ಥರದ್ದಾಗಿದ್ದರೆ ಹಿಂದಿನ ಪಿಸ್ಟನ್ ಬಹಳ ಕಾರುಗಳಲ್ಲಿ ತಿರುಗಿಸುತ್ತಾ ಒಳಗೆ ಕಳಿಸುವಂಥದ್ದು.

ಪ್ರಶ್ನೆ (ಶಿವಮೊಗ್ಗ, ಎರಡನೇ ಭಾನುವಾರ): ಅಣ್ಣಾ, ಮುಗೀತು. ಡಿಸ್ಕ್ ದಪ್ಪ ಸಾಕಷ್ಟಿದೆ, ಬದಲಿಸಲಿಲ್ಲ. ಹೊಸ ಪಿನ್, ಬೂಟ್, ಪ್ಯಾಡ್ ಹಾಕಿದೆ. ಪೆಡಲ್ ಗಟ್ಟಿಯಾಗುವ ತನಕ ತುಳಿದೇ ಸ್ಟಾರ್ಟ್ ಮಾಡಿದ್ದು. ಆದರೆ ಬ್ರೇಕ್ ಮೊದಲಿನಷ್ಟು ಚುರುಕಿಲ್ಲ ಅನ್ನಿಸುತ್ತಿದೆ.

ಉತ್ತರ: ಪೆಡಲ್ ಗಟ್ಟಿ ಇದೆ ಅಂದರೆ ಹೆದರಬೇಡಿ, ಪ್ಯಾಡ್ ಇನ್ನೂ ಡಿಸ್ಕಿಗೆ ಹೊಂದಿಲ್ಲ. ಖಾಲಿ ರಸ್ತೆಯಲ್ಲಿ 50-60ಕ್ಕೆ ಹೋಗಿ, ಮಧ್ಯಮ ಒತ್ತಡದಲ್ಲಿ 10ರವರೆಗೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಸ್ವಲ್ಪ ದೂರ ಓಡಿಸುತ್ತಾ ಎಂಟ್ಹತ್ತು ಸಲ ಹೀಗೆ ಮಾಡಿ. ಕೊನೆಗೆ ಬ್ರೇಕ್ ಮುಟ್ಟದೆ ನಿಧಾನಕ್ಕೆ ನಾಲ್ಕೈದು ಕಿ.ಮೀ. ಓಡಿಸಿ ತಣ್ಣಗಾಗಲು ಬಿಡಿ. ಮನೆಗೆ ಬಂದು ಎರಡೂ ರಿಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಬಿಸಿ ಎರಡೂ ಕಡೆ ಒಂದೇ ಥರ ಇರಬೇಕು. ಎಡಗಡೆ ಜಾಸ್ತಿ ಕಾದಿದ್ದರೆ ಪಿನ್ ಮತ್ತೊಮ್ಮೆ ಬಿಚ್ಚಿ. 100 ಕಿ.ಮೀ. ಆದ ಮೇಲೆ ವೀಲ್ ನಟ್ ಇನ್ನೊಂದು ಸಲ ಬಿಗಿ ನೋಡಿ, ಹೇಗಿದೆ ಅಂತ ಇಲ್ಲೇ ಬರೆಯಿರಿ.